ಅಣ್ಣನ ಬೆಂಕಿ

ಅಣ್ಣನ ತಟ್ಟೆಗೆ ವರ್ನಾ ಕೆಜಿಕ್ ಒಂದು ತುಂಡು ಮೀನು, ಒಂದಿಷ್ಟು ಕಾಡಕ್ಕಿ ಅನ್ನ ಬಡಿಸಿದಳು. ರೊಟ್ಟಿಯಲ್ಲಿ ಅಣ್ಣ ಹೆಕ್ಟರನಿಗೆ ಸೀದ ಅಂಚೇ ಇಷ್ಟವಾಗಿತ್ತು. ಅದನ್ನೇ ಮುರಿದು ಮೇಲಿಟ್ಟಳು. ತಟ್ಟೆ ಹಿಡಿದು ಹಿತ್ತಲಿಗೆ ಬಂದು, ಉರಿಯುತ್ತಿದ್ದ ಬೆಂಕಿಗೆ ಎಲ್ಲವನ್ನೂ ಒಂದೊಂದಾಗಿ ಅರ್ಪಿಸಿದಳು. ಚಿಟಿಕೆ ಹೊಗೆಸೊಪ್ಪನ್ನೂ ಹಾಕಿ ಅವನ ಹೆಸರು ಹೇಳಿದಳು.

ಅಣ್ಣ ತೀರಿಕೊಂಡು ಅದು ಮೂರನೆಯ ದಿನ. ಸತ್ತವರು ನಾಲ್ಕು ದಿನ ನಡೆಯುತ್ತಾರೆ. ಅವರ ದಾರಿ ಕಾಣುವ ಹಾಗೆ ಇಲ್ಲಿ ಒಂದು ಬೆಂಕಿ ಆರದೆ ಉರಿಯಬೇಕು, ಅದರ ಪಕ್ಕದಲ್ಲಿ ಯಾರಾದರೂ ಎಚ್ಚರವಾಗಿರಬೇಕು. ವರ್ನಾಳ ಜನರಾದ, ಈ ನೆಲದ ಮೂಲನಿವಾಸಿ ಅನಿಶಿನಾಬೆಯರು ಈ ಸರೋವರದ ದಡಕ್ಕೆ ಬಂದಂದಿನಿಂದ ಹಾಗೇ ನಡೆದು ಬಂದಿದೆ. ಊರು ಬೆಳೆದು, ರೈಲು ಬಂದು, ಬೇಲಿಗೆ ಬೇಲಿ ತಾಗುವ ಹಾಗೆ ಮನೆಗಳೆದ್ದ ಮೇಲೂ ಸತ್ತವರ ನಡಿಗೆಯೇನೂ ಕಡಿಮೆಯಾಗಿರಲಿಲ್ಲ.

ಬೆಂಕಿ ಕಾಯುತ್ತಿದ್ದವನು ಅವಳ ಚಿಕ್ಕಪ್ಪನ ಮಗ ಲೈಲ್. ಮಗುಚಿದ ಬಕೆಟ್ಟಿನ ಮೇಲೆ ಕೂತು, ನಿದ್ದೆಗೆಟ್ಟ ಕಣ್ಣುಜ್ಜುತ್ತ ಅವನು ಅಕ್ಕನನ್ನು ಕೆಣಕಿದ. "ಏನಕ್ಕಾ, ನಿನ್ ನಗರಸಭೆಯೋರು ಫೋನ್ ಮಾಡಿದ್ರಾ? ನಾಳೆ ಗುಂಡಿ ಒತ್ತೋಕೆ ಕೈ ತೊಳ್ಕೊಂಡು ಬಾ ಅಂತ?"

ವರ್ನಾ ಬೆಂಕಿಗೆ ಇನ್ನೊಂದು ಸೌದೆ ಇಟ್ಟಳು. ಮರುದಿನ ನಗರಸಭೆಯ ಅಂಗಳದಲ್ಲಿ 'ಸಾಮರಸ್ಯದ ಜ್ಯೋತಿ' ಬೆಳಗುವುದಿತ್ತು. ಈ ನೆಲ ಅನಿಶಿನಾಬೆಯರದು, ಅವರಿಗಾದ ಅನ್ಯಾಯಕ್ಕೆ ಊರು ಕ್ಷಮೆ ಕೇಳುತ್ತದೆ ಎಂದು ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ್ದರು. ಅದರ ಮೇಲೊಂದು ಗಾಜಿನ ಗೂಡು, ಅದರೊಳಗೆ ಅನಿಲದ ಉರಿ. ಗುಂಡಿ ಒತ್ತಿ ಅದನ್ನು ಹೊತ್ತಿಸಲು ತನ್ನ ಜನರ ಹಿರಿಯಳಾಗಿ ವರ್ನಾಳೇ ಬರಬೇಕು. ನಗರಸಭೆಯ ಸಲಹಾ ಮಂಡಳಿಯಲ್ಲಿ ಅವಳು ವರ್ಷಗಟ್ಟಲೆ ಕೂತಿದ್ದಳು. ತಣ್ಣನೆಯ ಕಾಫಿ ಕುಡಿದು, ಬಂದುಹೋದ ಅಧಿಕಾರಿಗಳಿಗೆಲ್ಲ ತನ್ನ ಜನರಿಗಾದ ಅನ್ಯಾಯದ ಅದೇ ಮಾತನ್ನು ಮೊದಲಿನಿಂದ ಹೇಳಿದ್ದಳು. ನೆಂಟರು ನಕ್ಕಾಗಲೂ, ಇವರು ಕೇಳಿಸಿಕೊಳ್ಳುತ್ತಿದ್ದಾರೆ, ನಿಧಾನವಾಗಿಯಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವರ ಪರ ವಾದಿಸಿದ್ದಳು. ಈ ಉರಿಗೆ ಸೌದೆ ಹಾಕುವವರು ಯಾರು ಎಂದು ಅವಳು ಒಮ್ಮೆ ಕೇಳಿದ್ದುಂಟು. ಅನಿಲವಾದರೆ ಹೊಗೆಯಿಲ್ಲ, ಯಾರೂ ಕಾಯಬೇಕಾಗಿಲ್ಲ ಅಂದಿದ್ದರು. ಅವತ್ತು ಅವಳೂ ನಕ್ಕು ಸುಮ್ಮನಾಗಿದ್ದಳು.

ಮಧ್ಯಾಹ್ನ ರೈಲು ಹಳಿಯ ಪಕ್ಕದ ಅವರ ಓಣಿಗೆ ಅಗ್ನಿಶಾಮಕ ಗಾಡಿ ಬಂತು. ಅದರಿಂದಿಳಿದ ನಾಯಕನ ಹೆಸರು ಬಾಯ್ಚಕ್. ಅಗಲ ಭುಜದ, ತಗ್ಗಿದ ದನಿಯ ನಡುವಯಸ್ಸಿನವನು. ಅವನು ಒರಟಾಗಿ ಮಾತಾಡಲಿಲ್ಲ. ಹೊಗೆಯ ಬಗ್ಗೆ ದೂರು ಬಂದಿದೆ, ಪಕ್ಕದ ಮನೆಯ ಮಗುವಿಗೆ ಉಬ್ಬಸ, ಬೇಸಿಗೆಯಲ್ಲಿ ಕಾಡು ಹೊತ್ತಿಕೊಂಡು ಊರಿನಂಚಿಗೇ ಬಂದದ್ದು ನಿಮಗೂ ಗೊತ್ತು, ಪರವಾನಗಿ ಇಲ್ಲದೆ ಊರೊಳಗೆ ಬೆಂಕಿ ಹಾಕುವಂತಿಲ್ಲ ಎಂದು ವಿವರಿಸಿದ. ವರ್ನಾ ಪರವಾನಗಿ ಕೇಳಿದಳು. ಅದಕ್ಕೆ ಹತ್ತು ದಿನ ಮೊದಲೇ ಅರ್ಜಿ ಕೊಡಬೇಕಂತೆ.

"ಕೇಳಿದ್ಯಾ ಅಕ್ಕಾ?" ಎಂದ ಲೈಲ್. "ಸಾಯೋರು ಹತ್ತು ದಿನ ಮುಂಚೆ ತಿಳಿಸಿ ಸಾಯ್ಬೇಕು. ನಮ್ ಹೆಕ್ಟರ್‌ಗೆ ಅಷ್ಟು ಶಿಸ್ತು ಎಲ್ಲಿತ್ತು?"

ಬಾಯ್ಚಕ್‌ನ ಮುಖ ಕೆಂಪಾಯಿತು. ಗಾಡಿಯಲ್ಲಿದ್ದವರಿಗೆ ಬೆನ್ನು ಮಾಡಿ ವರ್ನಾಳ ಹತ್ತಿರ ಬಂದ. "ನೋಡಮ್ಮಾ, ಅಡುಗೆ ಬೆಂಕಿಗೆ ಪರವಾನಗಿ ಬೇಕಿಲ್ಲ. ಒಳಗಿಂದ ಒಂದು ಸಾಸೇಜ್ ತಂದು ಇದರ ಮೇಲಿಡಿ. ಸುಡ್ತಾ ಇದ್ರು ಅಂತ ಬರ್ಕೊಂಡು ನಾನು ಹೊರಟುಬಿಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅಡುಗೆಮನೆಯಲ್ಲಿ ಸಾಸೇಜೂ ಇತ್ತು. ಆದರೆ ವರ್ನಾಳ ಒಳಗೆ ಏನೋ ಒಂದು, ಅವಳು ಹುಟ್ಟುವ ಮೊದಲೇ ಕುದಿಯಲು ಶುರುವಾಗಿದ್ದದ್ದು, ಉಕ್ಕಿ ಬಂತು.

"ನಮ್ಮಜ್ಜಿ ಹಾಗೇ ಹೇಳ್ತಿದ್ದಳು," ಎಂದಳು. "ಅವಳ ಕಾಲದಲ್ಲಿ ನಿಮ್ಮ ಕಾನೂನು ನಮ್ ಪೂಜೇನೇ ಅಪರಾಧ ಅಂತಿತ್ತು. ಪೊಲೀಸ್ ಬಂದಾಗ ಸತ್ತೋರ ಬೆಂಕಿ ಮೇಲೆ ಪಾತ್ರೆ ಇಟ್ಟು, ಅಡುಗೆ ಮಾಡ್ತಿದ್ದೀನಿ ಸ್ವಾಮಿ ಅಂತಿದ್ದಳು. ಈಗ ನೀವೇ ಕಲ್ಲಲ್ಲಿ ಕ್ಷಮೆ ಕೆತ್ತಿಸಿದ್ದೀರಿ. ಈಗ್ಲೂ ನಾನು ಪಾತ್ರೆ ಇಡ್ಬೇಕಾ? ಇದು ನಮ್ಮಣ್ಣನ ಬೆಂಕಿ. ಇದರ ಹತ್ರ ನಿಂತು ನಾನು ಸುಳ್ಳಾಡಲ್ಲ."

ಬಾಯ್ಚಕ್ ಗಾಡಿಯಲ್ಲಿದ್ದವರತ್ತ ತಿರುಗಿ ನೋಡಿದ. ಆರಿಸಲೇಬೇಕಾಗುತ್ತದೆ ಎಂದು ಕೊನೆಗೆ ಹೇಳಿದ.

"ಆರಿಸು. ಆದ್ರೆ ಏನು ಆರಿಸ್ತಿದ್ದೀಯ ಅಂತ ತಿಳ್ಕೊಂಡು ಆರಿಸು," ಎಂದಳು ವರ್ನಾ.

ಕೊಳವೆಯಿಂದ ನೀರು ಹಾರಿತು. ಬೆಂಕಿ ಒಮ್ಮೆ ಬುಸುಗುಟ್ಟಿ ಕುಸಿಯಿತು. ಮೂರು ದಿನದಲ್ಲಿ ಏಳದಷ್ಟು ಹೊಗೆ ಆ ಒಂದು ಗಳಿಗೆಯಲ್ಲಿ ಎದ್ದು, ನೇರ ಪಕ್ಕದ ಮನೆಯ ಕಿಟಕಿಗೇ ಹೋಯಿತು. ಬೂದಿ ಕೆಸರಾಗಿ ಹರಿದು ವರ್ನಾಳ ಕಾಲು ಮುಟ್ಟಿತು. ಅವಳು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಕೊಳವೆ ಸುತ್ತುವಾಗ ಬಾಯ್ಚಕ್ ಅವಳತ್ತ ನೋಡಲಿಲ್ಲ.

ಗಾಡಿ ಹೋದ ಮೇಲೆ ಲೈಲ್ ಅವಳ ಕೈ ಹಿಡಿದು ಅಡುಗೆಮನೆಗೆ ಕರೆತಂದು, ಕಬ್ಬಿಣದ ಒಲೆಯ ಬಾಗಿಲು ತೆರೆದ. ಒಳಗೆ ಕೆಂಡ ಕೆಂಪಗಿತ್ತು. ಬೆಳಿಗ್ಗೆ ಅಣ್ಣನ ಪಾಲಿನ ರೊಟ್ಟಿ ಬೇಯಿಸಲೆಂದು ಹಿತ್ತಲಿನ ಬೆಂಕಿಯಿಂದಲೇ ಅವನು ತಂದು ಹಾಕಿದ ಕೆಂಡ. "ಅದೇ ಬೆಂಕಿ ಅಕ್ಕಾ. ಆರಿಲ್ಲ," ಎಂದ. ಅಷ್ಟು ಹೊತ್ತು ಬಿಗಿಹಿಡಿದಿದ್ದವಳು ಆಗ ಒಲೆಯ ಮುಂದೆ ಕುಸಿದು ಕೂತು ಅತ್ತಳು.

ಸಂಜೆ ಮೇಯರ್ ಕಚೇರಿಯ ಹುಡುಗಿ ಫೋನ್ ಮಾಡಿ, ನಾಳೆ ನಿಮ್ಮ ಸಂಪ್ರದಾಯದ ರಿಬ್ಬನ್ ಲಂಗ ಉಟ್ಟು ಬಂದರೆ ಚೆನ್ನ, ಟಿವಿಯವರು ಬರುತ್ತಾರೆ ಎಂದಳು. ವರ್ನಾ ತಾನು ಬರುವುದಿಲ್ಲವೆಂದೂ ಯಾಕೆ ಬರುವುದಿಲ್ಲವೆಂದೂ ಹೇಳಿದಳು. ಸ್ವಲ್ಪ ಹೊತ್ತಿಗೆ ಮೇಯರನೇ ಫೋನ್ ಮಾಡಿದ. ತನಗೆ ಗೊತ್ತಿರಲಿಲ್ಲ ಎಂದ, ನೊಂದುಕೊಂಡ, ನಿಯಮ ಮೀರಿ ಯಾರಿಗಾದರೂ ವಿನಾಯಿತಿ ಕೊಟ್ಟರೆ ಉಳಿದವರು ಸುಮ್ಮನಿರುವುದಿಲ್ಲ ಎಂದೂ ಸೇರಿಸಿದ. ಆಮೇಲೆ ಒಂದು ಉಪಾಯ ಹೇಳಿದ: ಅಣ್ಣನ ಫೋಟೋ ತನ್ನಿ, ನಮ್ಮ ಜ್ಯೋತಿಯ ಪಕ್ಕದಲ್ಲೇ ಇಡೋಣ.

"ನಿಮ್ಮ ಬೆಂಕಿಗೆ ಗುಂಡಿ ಸಾಕು," ಎಂದಳು ವರ್ನಾ. "ನಮ್ಮದಕ್ಕೆ ಕೂತು ಕಾಯೋ ಜನ ಬೇಕು. ಕಾಯೋಕೆ ಬರೋ ಹಾಗಿದ್ರೆ ಬನ್ನಿ." ಫೋನ್ ಇಟ್ಟಳು.

ಬೆಳಗಾಗುವಾಗ ಅದೇ ಗಾಡಿ ಮತ್ತೆ ಓಣಿಯಲ್ಲಿ ನಿಂತಿತು. ಲೈಲ್ ಸನಿಕೆ ಹಿಡಿದೇ ಹೊರಗೆ ಹೋದ. ಬಾಯ್ಚಕ್ ಒಬ್ಬನೇ ಬೇಲಿಯ ಆಚೆ ನಿಂತಿದ್ದ. ಅಗ್ನಿಶಾಮಕದವರು ಪಕ್ಕದಲ್ಲೇ ನಿಂತು ಕಾಯುತ್ತಿದ್ದರೆ ಊರೊಳಗೆ ಬೆಂಕಿ ಹಾಕಬಹುದು ಎಂದು ನಿಯಮದಲ್ಲೇ ಇದೆ ಎಂದ. "ನಿನ್ನೇನೂ ಇತ್ತು. ನಾನು ಹುಡುಕಲಿಲ್ಲ." ಹಿಂದಿನ ರಾತ್ರಿಯೇ ಪಕ್ಕದ ಮನೆಯವಳ ಜೊತೆ ಮಾತಾಡಿದ್ದ. ಸಾವಿನ ಮನೆಯೆಂದು ಅವಳಿಗೆ ಗೊತ್ತಿರಲಿಲ್ಲವಂತೆ. ಒಂದು ದಿನದ ಮಟ್ಟಿಗೆ ಮಗುವನ್ನು ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋಗಿದ್ದಳು.

ವರ್ನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವನು ತಲೆಯೆತ್ತಿ ಅವಳಿಗೆ ಹೇಳಿದ: "ನಮ್ಮಜ್ಜಿ ಹೋದಾಗ ತಲೆ ಹತ್ರ ಮೇಣದ ಬತ್ತಿ ಇಟ್ಟಿದ್ರು. ಅದು ಆರಬಾರದು ಅಂತ ನಾವು ಮೊಮ್ಮಕ್ಕಳು ಸರದಿ ಮೇಲೆ ಕೂತಿದ್ವಿ. ಯಾರೂ ಬಂದು ಪರವಾನಗಿ ಕೇಳ್ಲಿಲ್ಲ."

ವರ್ನಾ ಕ್ಷಮಿಸಿದೆ ಅನ್ನಲಿಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಇವತ್ತು ಹೇಳುವ ಹಾಗಿರಲಿಲ್ಲ. "ಹೆಲ್ಮೆಟ್ ತೆಗೆದು ಒಳಗೆ ಬಾ," ಎಂದಳು ಅಷ್ಟೆ.

ಲೈಲ್ ಒಲೆಯ ಕೆಂಡವನ್ನು ಸನಿಕೆಯಲ್ಲಿ ಹೊತ್ತು ತಂದ. ಹಸಿ ನೆಲವನ್ನು ಕೆರೆದು, ಬರ್ಚ್ ಮರದ ಒಣ ತೊಗಟೆ ಹಾಸಿ, ಮೊಣಕಾಲೂರಿ ಊದಿದ. ತೊಗಟೆ ಸುರುಳಿಯಾಗಿ ಹೊತ್ತಿಕೊಂಡಿತು. ಬಾಯ್ಚಕ್ ಕೂರಲು ಜಾಗ ಹುಡುಕುವುದನ್ನು ನೋಡಿ ಲೈಲ್ ಬಕೆಟ್ಟನ್ನು ಅವನತ್ತ ಕಾಲಿನಿಂದ ತಳ್ಳಿದ. "ಕೂತ್ಕೋ. ಬಕೆಟ್ಟಲ್ಲಿ ನೀರಿಲ್ಲ, ಹೆದರ್ಬೇಡ."

ಹತ್ತು ಗಂಟೆಗೆ ನಗರಸಭೆಯ ಅಂಗಳದಲ್ಲಿ ಬ್ಯಾಂಡು ನುಡಿಸಬೇಕಿತ್ತು. ಇಲ್ಲಿಗೆ ಏನೂ ಕೇಳಿಸಲಿಲ್ಲ. ಊಟದ ಹೊತ್ತಿಗೆ ಓಣಿಯ ತುದಿಯಲ್ಲಿ ಒಬ್ಬ ನಡೆದುಬರುವುದು ಕಂಡಿತು. ಒಳ್ಳೆಯ ಕೋಟು, ಕಂಕುಳಲ್ಲಿ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಸುತ್ತಿದ ಸೌದೆಯ ಕಟ್ಟು. ಮೇಯರ್. ಹಿಂದೆ ಕ್ಯಾಮೆರಾ ಇರಲಿಲ್ಲ. ಜ್ಯೋತಿ ಬೆಳಗುವುದನ್ನು ಮುಂದಕ್ಕೆ ಹಾಕಿದ್ದೇನೆ ಎಂದು ಅವನು ತಗ್ಗಿದ ದನಿಯಲ್ಲಿ ತಿಳಿಸಿದ.

ಲೈಲ್ ಸೌದೆಯನ್ನೂ ಅದಕ್ಕಂಟಿದ ಬೆಲೆ ಚೀಟಿಯನ್ನೂ ನೋಡಿ ನಗು ನುಂಗಿದ. ವರ್ನಾ ಕಟ್ಟನ್ನು ಇಸಿದುಕೊಂಡು ಪ್ಲಾಸ್ಟಿಕ್ಕನ್ನು ಹರಿದು ಮಡಚಿ ಜೇಬಿಗಿಟ್ಟಳು. ಅದರ ಚೂರೂ ಬೆಂಕಿಗೆ ಬೀಳಬಾರದು. ಸೌದೆಯನ್ನು ತಮ್ಮನ ಕೈಗೆ ಕೊಟ್ಟಳು.

"ನಾಳೆ ಬೆಳಿಗ್ಗೆ ಇದನ್ನ ನಾವೇ ಆರೋಕೆ ಬಿಡ್ತೀವಿ," ಎಂದಳು ಮೇಯರನ ಕಡೆ ತಿರುಗಿ. "ಅಣ್ಣ ತಲುಪಿರ್ತಾನೆ. ಆದ್ರೆ ಈ ಊರಲ್ಲಿ ನಮ್ಮೋರು ಇನ್ನೂ ಸಾಯ್ತಾರೆ. ಅವತ್ತು ನಿಮ್ಮೋರು ನೀರು ಹಿಡ್ಕೊಂಡು ಬರ್ತಾರೋ, ಸೌದೆ ಹಿಡ್ಕೊಂಡು ಬರ್ತಾರೋ? ಈಗ್ಲೇ ಹೇಳ್ಬೇಡಿ. ಈ ಬೆಂಕಿ ಮುಂದೆ ಹೇಳಿದ್ಮೇಲೆ ಮಾಡ್ಲೇಬೇಕಾಗುತ್ತೆ. ಕೂತು ಯೋಚ್ನೆ ಮಾಡಿ."

ಮೇಯರ್ ಕೋಟಿನ ಪರಿವೆಯಿಲ್ಲದೆ ಒದ್ದೆ ಮರದ ದಿಮ್ಮಿಯ ಮೇಲೆ ಕೂತ.

ಸ್ವಲ್ಪ ಹೊತ್ತಿನಲ್ಲಿ ಬಾಯ್ಚಕ್‌ನ ರೇಡಿಯೋ ಗರಗರ ಎಂದಿತು. ರೈಲು ಹಳಿಯ ಹತ್ತಿರದ ಓಣಿಯಲ್ಲಿ ಹೊಗೆ ಕಾಣುತ್ತಿದೆಯಂತೆ, ಯಾರೋ ದೂರು ಕೊಟ್ಟಿದ್ದಾರೆ, ಹೋಗಿ ನೋಡಲು ಯಾರಿದ್ದೀರಿ ಎಂದು ಅಗ್ನಿಶಾಮಕ ಠಾಣೆಯಿಂದ ಕೇಳುತ್ತಿದ್ದರು.

ಬಾಯ್ಚಕ್ ಬೆಂಕಿಯಿಂದ ಕಣ್ಣು ತೆಗೆಯದೆ ಗುಂಡಿ ಒತ್ತಿದ.

"ನೋಡ್ತಾ ಇದ್ದೀನಿ," ಎಂದ. "ಚೆನ್ನಾಗಿ ಉರೀತಾ ಇದೆ."