ಹಳೇ ತಾಮ್ರ ಕೊಳ್ಳಲಾಗುತ್ತದೆ

ಹುನಗುಂದದ ಪಾತ್ರೆ-ಭಾಂಡೆ ಅಂಗಡಿಯ ಕಾಶಪ್ಪನ ಪ್ರಕಾರ ಲೋಕದಲ್ಲಿ ಎರಡೇ ಜಾತಿ: ತಾಮ್ರದ ಕೊಡದ ನೀರು ಕುಡಿದು ಗಟ್ಟಿಮುಟ್ಟಾದವರು, ಸ್ಟೀಲು ಕೊಂಡು ಕೆಟ್ಟವರು. ಕೆಮ್ಮೆಂದು ಬಂದವನಿಗೂ ಕಾಲುನೋವೆಂದು ಬಂದವನಿಗೂ ಒಂದು ತಾಮ್ರದ ತಂಬಿಗೆ ಗಂಟುಹಾಕದೆ ಬಿಟ್ಟವನಲ್ಲ.

ಅಂಥವನ ಮಗಳು ಸಂಗವ್ವನ ಕೈ ನಡುಗತೊಡಗಿತು. ಮಾತು ತೊದಲಿತು. ಮುಖದ ಮೇಲೊಂದು ನಗು ಬಂದು ಕೂತದ್ದು ಅತ್ತರೂ ಇಳಿಯಲೊಲ್ಲದು. ಇಳಕಲ್ಲಿನವರು ಹೆಣ್ಣು ನೋಡಲು ಬಂದ ದಿನ ಚಹವೆಲ್ಲ ವರನ ಅಪ್ಪನ ಧೋತರದ ಮೇಲೆ ಚೆಲ್ಲಿತು.

"ಲಗ್ನ ಬ್ಯಾಡಂತ ಸೋಗು ಹಾಕ್ಯಾಳ!" ಕಾಶಪ್ಪ ಅವರೆದುರೇ ಕೂಗಾಡಿದ.

"ಖ... ಖರೇನ ಆಗಾಕತ್ತೈತಪ್ಪಾ."

"ನೋಡ್ರಿ, ಮ್ಯಾಲೆ ಹಲ್ಲು ಬ್ಯಾರೆ ಕಿಸೀತಾಳ!"

ಬಂದವರು ಎದ್ದು ಹೋದರು. ಆಮೇಲೆ ಶುರುವಾಯಿತು ಉಪಚಾರ. ಗಾಳಿ ಸೋಂಕಿದೆಯೆಂದು ರಾಚಯ್ಯ ಸ್ವಾಮಿ ಕೊರಳಿಗೆ ತಾಮ್ರದ ತಗಡು ಕಟ್ಟಿದ. ದರ್ಗಾದ ಇಬ್ರಾಹಿಂಸಾಬ ರಟ್ಟೆಗೆ ತಾಮ್ರದ ತಾಯಿತ ಕಟ್ಟಿದ. ಬಾದಾಮಿಯ ಜೋಯಿಸರು ತಾಮ್ರದ ಕಡಗ ತೊಡಿಸಿದರು. ತಾಮ್ರದ ವಿಷಯದಲ್ಲಿ ಎಲ್ಲ ಧರ್ಮವೂ ಒಂದೇ ಎಂದು ನಮ್ಮ ಸೀಮೆ ಸಿದ್ಧಮಾಡಿ ತೋರಿಸಿತು. ಅಪ್ಪನ ಪಾಲಿನದು ದಿನಾ ಬರಿಹೊಟ್ಟೆಗೆ ತಾಮ್ರದಲ್ಲಿ ನೆನೆದ ನೀರು, ತಂಬಿಗೆ ಬರಿದಾಗುವ ತನಕ. ಹುಡುಗಿ ಗೋಡೆ ಹಿಡಿದು ನಡೆಯುವಂತಾದಳು. ಆಗ ಕಾಶಪ್ಪ ಅಂಗಡಿ ಮುಚ್ಚಿ ಅವಳನ್ನು ಬಾಗಲಕೋಟೆಗೆ ಕರೆದೊಯ್ದ.

"ಇದು ಸೋಗಲ್ಲ, ಮಿದುಳಿನ ಬ್ಯಾನಿ. ಮುಂಬೈಗೆ ಎಂಆರ್‌ಐ ಅನ್ನೂ ಹೊಸಾ ಯಂತ್ರ ಬಂದೈತಿ, ತಲಿ ಒಳಗಿನ ಚಿತ್ರಾ ತಗೀತೈತಿ. ಕರಕೊಂಡ ಹೋಗ್ರಿ," ಎಂದರು ಬಾಗಲಕೋಟೆಯ ಡಾಕ್ಟರು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಮುಂಬೈಯ ಆ ಯಂತ್ರವೆಂದರೆ ಮನುಷ್ಯರನ್ನು ಒಳಗೆ ಮಲಗಿಸುವಷ್ಟು ದೊಡ್ಡ ಸೂಜಿಗಲ್ಲು. ಮೈಮೇಲೆ ಲೋಹದ ಚೂರೂ ಇರಕೂಡದು. ತಗಡು, ತಾಯಿತ, ಕಡಗ ಒಂದೊಂದಾಗಿ ಬಿಚ್ಚಿದರೆ ತಟ್ಟೆ ತುಂಬಿತು. ಅಲ್ಲಿದ್ದ ಧಾರವಾಡದ ಕಡೆಯ ಡಾಕ್ಟರರು ನಕ್ಕರು. "ಏನ್ರಿ ಯಜಮಾನ್ರ, ಅಂಗಡಿನ ಹೊತಗೊಂಡ ಬಂದೀರೇನು?"

"ಶುದ್ಧ ತಾಮ್ರರೀ!" ಕಾಶಪ್ಪ ಉಬ್ಬಿಹೋದ.

ಚಿತ್ರ ನೋಡಿದ ಮೇಲೆ ಡಾಕ್ಟರರು ನಗಲಿಲ್ಲ. ಸಂಗವ್ವನ ಕಣ್ಣಿಗೆ ಬೆಳಕು ಹಿಡಿದು, ಕರಿಗುಡ್ಡೆಯ ಅಂಚಿಗೆ ಕಂದು ಉಂಗುರ ಕಂಡು, ಮೂತ್ರವನ್ನೂ ಪರೀಕ್ಷೆ ಮಾಡಿಸಿ, ಅಪ್ಪನನ್ನು ಕರೆದರು.

"ಹುಟ್ಟಾ ಬಂದ ಅಪರೂಪದ ರೋಗರಿ. ಉಂಡದ್ದರಾಗಿನ ಒಂದು ಲೋಹ ಹೆಚ್ಚಾದ್ರ ನಮ್ಮ ಮೈ ಹೊರಗ ಹಾಕತೈತಿ. ಈಕಿ ಮೈಗೆ ಅದು ಆಗಂಗಿಲ್ಲ. ಕೂಡಿ ಕೂಡಿ ಮಿದುಳಿಗೆ ಏರೈತಿ. ಗುಳಿಗಿ ಐತಿ, ಸುಧಾರಿಸ್ತಾಳ."

"ಯಾವ ಲೋಹರಿ?"

"ತಾಮ್ರ."

ಕಾಶಪ್ಪ ತಟ್ಟೆಯತ್ತ ನೋಡಿದ. ಅದರಲ್ಲಿದ್ದುದನ್ನೆಲ್ಲ ಒಂದು ವಸ್ತ್ರಕ್ಕೆ ಸುರಿದು ಗಂಟು ಕಟ್ಟಿದ.

ಗುಳಿಗೆ ನುಂಗುತ್ತ ವರ್ಷ ಕಳೆಯಿತು. ಒಂದು ಮಧ್ಯಾಹ್ನ ರಾಚಯ್ಯ ಅಂಗಡಿಗೆ ಬಂದ. "ನೋಡಿದಿ ಕಾಶಪ್ಪಾ, ನನ್ನ ತಗಡಿನ ಮಹಿಮಾ!" ಗಿರಾಕಿಗಳು ಕೂತಿದ್ದರು. ರೂಢಿ ನೋಡಿ, ಕಾಶಪ್ಪನ ತಲೆ ಹೌದೆಂದು ಆಡಿಯೇಬಿಟ್ಟಿತು.

ಗೋಡೆ ಹಿಡಿಯದೆ ಸಂಗವ್ವ ಒಳಗಿನಿಂದ ಬಂದಳು. ಮುಂಬೈಯಲ್ಲಿ ಬಿಚ್ಚಿದ್ದನ್ನೆಲ್ಲ ಕಟ್ಟಿಟ್ಟ ಗಂಟನ್ನು ತಕ್ಕಡಿಗೆ ಸುರಿದಳು. ಮೇಲೆ ಹಲಗೆಯಿತ್ತು: 'ಹಳೇ ತಾಮ್ರ ಕೊಳ್ಳಲಾಗುತ್ತದೆ.'

"ತೂಗಪ್ಪಾ," ಎಂದಳು, ಒಂದಕ್ಷರವೂ ತೊದಲದೆ.

ಕಾಶಪ್ಪ ಅಳುಕುತ್ತ ಮಗಳ ಮುಖ ನೋಡಿದ. ಈಗ ನಗು ಅವಳ ಮಾತು ಕೇಳುತ್ತಿತ್ತು. ಅವಳು ನಗಲಿಲ್ಲ.