ಬಿಚ್ಚಿಟ್ಟ ಕಾಲು

"ಆ ಹಳೇ ಕಾಲು ಬಿಚ್ಚಿಡಯ್ಯಾ ಮೊದ್ಲು! ಕಾಲಿರೋನಿಗೆ ಕಾಲು ಕೊಟ್ರೆ ಫೋಟೋದಲ್ಲಿ ಏನು ಮಣ್ಣು ಕಾಣುತ್ತೆ?"

ಗದರಿದವನು ಮಾಜಿ ಸೈನಿಕರ ಸೇವಾ ಸಂಸ್ಥೆಯ ಕಾರ್ಯದರ್ಶಿ. ಯುದ್ಧಭೂಮಿಯ ಕಡೆಗೆ ತಲೆ ಹಾಕಿಯೂ ಮಲಗದ ಈ ಮಹಾಶಯನ ಕೋಟಿನ ತುಂಬ ಸಂಸ್ಥೆಯೇ ಮಾಡಿಸಿಕೊಟ್ಟ ಪದಕಗಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ, ಯುದ್ಧದಲ್ಲಿ ಕಾಲು ಕಳೆದುಕೊಂಡ ಮಾಜಿ ಸಿಪಾಯಿ ಪ್ಯಾಂಟು ಮೇಲೆತ್ತಿ ಮರದ ಕಾಲಿನ ಪಟ್ಟಿ ಸಡಿಲಿಸಿದ. ಸೈಕಲ್ ಟ್ಯೂಬ್ ಕತ್ತರಿಸಿ ತಾನೇ ಹೊಲಿದುಕೊಂಡ ಪಟ್ಟಿ. ಗೋದಾಮಿನ ಗೇಟಿನಲ್ಲಿ ದಿನವಿಡೀ ಕಾವಲು ನಿಲ್ಲುವುದು ಆ ಕಾಲಿನ ಮೇಲೆಯೇ. ಕೂತರೆ ಕೆಲಸ ಹೋಗುತ್ತದೆ.

"ಹೊಸದಕ್ಕೆ ಅಳತೇನೇ ತಗೊಂಡಿಲ್ವಲ್ಲ ಸಾರ್," ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ.

"ಪುಕ್ಸಟ್ಟೆ ಸಿಗೋದಕ್ಕೆ ಅಳತೆ ಬೇರೆ ಕೇಡು!"

ಹಳೆಯ ಕಾಲನ್ನು ಕಾರ್ಯದರ್ಶಿಯೇ ಕಿತ್ತುಕೊಂಡು ಹೋಗಿ ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ, 'ನಮ್ಮ ಸೇವೆಗೆ ಮೊದಲು' ಎಂಬ ಫಲಕದ ಕೆಳಗೆ ಇಟ್ಟುಬಂದ. "ಇನ್ಮೇಲೆ ಅದು ಸಂಸ್ಥೆದು. ಊರೂರಿಗೆ ತಗೊಂಡೋಗಿ ತೋರಿಸ್ಬೇಕು."

ಸಿಪಾಯಿ ತನ್ನ ಮೊಂಡುಗಾಲು ನೋಡಿಕೊಂಡ. ನಾಳೆ ಗೇಟಿನಲ್ಲಿ ನಿಲ್ಲುವುದು ಹೇಗೆ?

ಕಂಕುಳಿಗೆ ಕೈ ಹಾಕಿ ಎತ್ತಿ ಅವನನ್ನು ವೇದಿಕೆಯ ಕುರ್ಚಿಯಲ್ಲಿ ಕುಕ್ಕಿದರು. ಟೈರು ಕಾರ್ಖಾನೆಯ ಮಾಲೀಕನೇ ದಾನಿ. ಅವನು ಹೊಳೆಯುವ ಹೊಸ ಕಾಲನ್ನು ಸಿಪಾಯಿಯ ಮೊಂಡುಗಾಲಿಗೆ ತೊಡಿಸಿ ಕ್ಯಾಮೆರಾದ ಕಡೆ ಹಲ್ಲುಕಿರಿದ. ಬಕೆಟ್ಟಿನಲ್ಲಿ ಸೌಟು ಇಟ್ಟ ಹಾಗೆ ಅದು ಲೊಡಲೊಡ ಅಂತು.

"ಚೂರು ಅಡ್ಜಸ್ಟ್ ಮಾಡ್ಕೊಳಪ್ಪ," ಎಂದ ದಾನಿ. "ಯುದ್ಧ ಮಾಡಿದೋನಿಗೆ ಇದ್ಯಾವ ಲೆಕ್ಕ?"

ಸಿಪಾಯಿ ಅದನ್ನು ಕಳಚಿ ಪಕ್ಕಕ್ಕಿಟ್ಟ. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಸಭೆಯೆಲ್ಲ ದಡಬಡ ಎದ್ದು ಸೆಟೆದು ನಿಂತಿತು. ಸಿಪಾಯಿ ಕೂತೇ ಇದ್ದ.

"ಎದ್ದೇಳೋ, ಮಾನ ಹೋಗುತ್ತೆ!" ಕಾರ್ಯದರ್ಶಿ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದ.

"ಯಾವ ಕಾಲಲ್ಲಿ ಏಳ್ಲೋ ಬೋಳಿಮಗನೆ? ನನ್ನ ಕಾಲು ತಂದ್ಕೊಡು, ಏಳ್ತೀನಿ."

ತರುವುದು ಹೇಗೆ? ಗೀತೆ ಮುಗಿಯುವ ತನಕ ಅಲುಗಾಡಿದರೆ ದೇಶಭಕ್ತಿಗೆ ಕುಂದು. ಮೇಲಾಗಿ ವೀಡಿಯೊ ಓಡುತ್ತಿತ್ತು.

ಅಲುಗಾಡಿದವಳು ಹೆಂಡತಿ ಒಬ್ಬಳೇ. ಚಪ್ಪಲಿ ಪಟಪಟ ಬಡಿಯುತ್ತ ಸಾಲುಗಳ ನಡುವೆ ನಡೆದು ಹೋದಳು, ಮೇಜಿನಿಂದ ಕಾಲನ್ನೆತ್ತಿ ಕಂಕುಳಲ್ಲಿ ಇರುಕಿಕೊಂಡಳು, ಹಾಗೇ ವಾಪಸು ಬಂದಳು. ತಡೆಯಬೇಕಾದವರೆಲ್ಲ ಗೂಟದ ಹಾಗೆ ನಿಂತಿದ್ದರು. ಕಣ್ಣುಗುಡ್ಡೆಗಳು ಮಾತ್ರ ಅವಳ ಹಿಂದೆ ಮುಂದೆ ಓಡಾಡಿದವು.

"ತಗೊಳ್ರೀ, ಹಾಕ್ಕೊಳ್ಳಿ. ಮನೆಗೆ ಹೋಗೋಣ."

ಸಿಪಾಯಿ ಪಟ್ಟಿ ಬಿಗಿದುಕೊಂಡು ಎದ್ದ. ಅಟೆನ್ಷನ್‌ಗೆ ನಿಲ್ಲಲಿಲ್ಲ. ಹೊಸ ಕಾಲನ್ನು ದಾನಿಯ ಖಾಲಿ ಕುರ್ಚಿಯ ಮೇಲೆ ನಿಲ್ಲಿಸಿದ. ಟಕಟಕ ನಡೆದು ಕಾರ್ಯದರ್ಶಿಯ ಮೂಗಿನ ಮುಂದೆ ಹೋಗಿ ನಿಂತು, ಹಿಂದೆ ಸೇನೆಗೆ ಬಂದ ಹೊಸಬರಿಗೆ ಕವಾಯತು ಕಲಿಸುತ್ತಿದ್ದ ಅದೇ ಗಂಟಲಿನಲ್ಲಿ ಗುಡುಗಿದ:

"ಹೊಟ್ಟೆ ಒಳಗೆ!"

ಕಾರ್ಯದರ್ಶಿಯ ಪದಕಗಳು ಕಿಣಿಕಿಣಿ ಎಂದವು, ಹೊಟ್ಟೆ ಒಳಗೆ ಹೋಯಿತು. ದಾನಿಯದೂ ಹೋಯಿತು.