ನಮ್ರತಾಳ ಕಂಪನಿ

ಇಳಕಲ್ ಸೀರೆಯ ನೆರಿಗೆ ಮೂರನೆಯ ಸಲವೂ ಜಾರಿತು. ಮಲಗಿದವರಿಗೆ ಸೀರೆ ಉಡಿಸುವುದು ಹೇಗೆಂದು ಹರಿಣಿಗೆ ಗೊತ್ತಿರಲಿಲ್ಲ. ಫ್ಯೂನರಲ್ ಹೋಮಿನ ಹೆಂಗಸಿಗೆ ಸೀರೆಯೇ ಗೊತ್ತಿರಲಿಲ್ಲ. ಇಬ್ಬರೂ ಸೇರಿ ವಿದ್ಯಾವತಿಯ ಸೊಂಟವನ್ನು ತುಸು ಎತ್ತಿ, ನೆರಿಗೆಗೆ ಎರಡು ಪಿನ್ನು ಚುಚ್ಚಿ ಸಾಕೆಂದು ಬಿಟ್ಟರು. ಬದುಕಿದ್ದರೆ ವಿದ್ಯಾವತಿ ಇದನ್ನು ಒಪ್ಪುತ್ತಿರಲಿಲ್ಲ. ಅಟ್ಲಾಂಟಾ ಬಳಿಯ ಲಾರೆನ್ಸ್‌ವಿಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಮಕ್ಕಳ ಊಟದ ತಟ್ಟೆ ತೊಳೆದವಳು; ಆದರೆ ನಾಲ್ಕು ಜನರ ಮುಂದೆ ಬಂದಳೆಂದರೆ ಒಂದು ನೆರಿಗೆ ಅತ್ತಿತ್ತ ಆಗುತ್ತಿರಲಿಲ್ಲ.

ಬಾಗಿಲಾಚೆ ಶಶಿಕಾಂತರ ದನಿ ಕೇಳಿಸುತ್ತಿತ್ತು. ವೃತ್ತಿಯಲ್ಲಿ ಡಾಕ್ಟರು, ವಿದ್ಯಾವತಿಯ ಊರ ಕಡೆಯವರು. ಅಯ್ಯನವರು ಸಿಗದ ಈ ದೇಶದಲ್ಲಿ ಲಿಂಗಾಯತರ ಮನೆಯ ಸಾವಿಗೆಲ್ಲ ಹತ್ತಿರದ ಕಮ್ಮಿಂಗ್ ಊರಿನಿಂದ ವಿಭೂತಿ, ಬಿಲ್ವಪತ್ರೆ ಹಿಡಿದು ಬರುವವರು ಅವರೇ.

“ಹೆತ್ತ ತಾಯಿ ಹೋಗಿ ಮೂರು ದಿನ ಆತು. ಬರಾಕ ಆಗೂದಿಲ್ಲ, ಕಾಯಬ್ಯಾಡ್ರಿ, ಮುಗಸರಿ ಅಂತ ಎರಡು ಸಾಲಿನ ಮೆಸೇಜ್ ಹಾಕ್ಯಾಳ. ಎಂಥಾ ಕಂಪನಿ ಅದು? ಕೊರಿಯಾದ ಸೋಲ್‌ನಿಂದ ಅಟ್ಲಾಂಟಾಕ್ಕ ಡೈರೆಕ್ಟ್ ಫ್ಲೈಟ್ ಅದಾವ!”

ಹರಿಣಿಗೂ ಅದೇ ಸಿಟ್ಟು. ವಿದ್ಯಾವತಿಗೆ ಇದ್ದವಳು ಮಗಳು ನಮ್ರತಾ ಒಬ್ಬಳೇ; ಗಂಡ ತೀರಿ ಎಂಟು ವರ್ಷ. ಬೆಳಿಗ್ಗೆ ಹರಿಣಿ ಕಾರಿನಲ್ಲೇ ಕೂತು ಆ ಹುಡುಗಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಳು: “ನಿಮ್ಮಮ್ಮನ ಮುಖ ಕೊನೇ ಸಲ ನೋಡೋದಕ್ಕಿಂತ ಪ್ರಾಜೆಕ್ಟ್ ದೊಡ್ಡದಾಯ್ತಾ ನಿಂಗೆ? ಮಗಳು ಹಾಕ್ಬೇಕಾದ ಮಣ್ಣು ಪಕ್ಕದ್ಮನೆಯವ್ರು ಹಾಕ್ತಿದೀವಿ. ನಾಚಿಕೆ ಆಗ್ಬೇಕು.” ಕಳಿಸಿದ ಮೇಲೆ ಎದೆ ಹಗುರವಾಗಿತ್ತು ಕೂಡ.

ಕಪ್ಪು ಕೋಟಿನ ಗಿಡ್ಡ ಹೆಂಗಸೊಬ್ಬಳು ಒಳಗೆ ಬಂದು, ಶವಪೆಟ್ಟಿಗೆಯ ಮುಂದೆ ಮಂಡಿಯೂರಿ ಎರಡು ಸಲ ಹಣೆ ನೆಲಕ್ಕೆ ಹಚ್ಚಿದಳು. ಶಾಲೆಯ ಅಡುಗೆಮನೆಯಲ್ಲಿ ವಿದ್ಯಾವತಿಯ ಜೊತೆ ದುಡಿಯುತ್ತಿದ್ದ ಕೊರಿಯಾದ ಮಿಸೆಸ್ ಚೋ. ಎಪ್ಪತ್ತರ ಆಸುಪಾಸು. ಅವಳ ಇಂಗ್ಲಿಷು ತುಂಡು ತುಂಡು. ವಿದ್ಯಾವತಿಯದೂ ಹಾಗೇ ಇತ್ತು.

“ಮಗಳು ಬರಲ್ಲ. ಗೊತ್ತು. ಉತ್ತರ ಕೊರಿಯಾದವರು ಗಡಿಯ ರಸ್ತೆ ಸಿಡಿಸಿದರು. ಈಗ ಸೋಲ್ಜರ್‌ಗೆ ರಜೆ ಇಲ್ಲ,” ಎಂದಳು.

“ಯಾವ ಸೋಲ್ಜರ್?”

“ನಮ್ರತಾ. ಸಾರ್ಜೆಂಟ್. ಗಡಿ ಹತ್ತಿರ.”

ಮಿಸೆಸ್ ಚೋ ಫೋನು ತೆಗೆದು ವಿದ್ಯಾವತಿಯೇ ಕಳಿಸಿದ್ದ ಫೋಟೊ ತೋರಿಸಿದಳು. ಅಮೆರಿಕದ ಸೈನ್ಯದ ಸಮವಸ್ತ್ರದಲ್ಲಿ ನಮ್ರತಾ, ಅಪ್ಪನದೇ ಹುಬ್ಬು.

“ನಿಮಗೆ ಹೇಳಿದ್ರಾ ಇದನ್ನ?”

“ದಿನಾ ಹೇಳ್ತಿದ್ದಳು. ನೀನು ಫ್ರೆಂಡ್ ಅಲ್ಲವಾ? ನಿನಗೆ ಹೇಳಲಿಲ್ಲವಾ?”

ಒಂಬತ್ತು ವರ್ಷ ನಾಲ್ಕು ಮನೆ ಆಚೆಗಿದ್ದು, ಮೊಸರಿನ ಹೆಪ್ಪಿನಿಂದ ಹಿಡಿದು ಕಾರಿನ ಕೀಲಿಯವರೆಗೆ ಹಂಚಿಕೊಂಡ ಹರಿಣಿಗೆ ವಿದ್ಯಾವತಿ ಇದೊಂದನ್ನು ಹೇಳಿರಲಿಲ್ಲ. ಏಕೆಂದು ಆಮೇಲೆ ಹೊಳೆಯಿತು, ಹೊಳೆಯದಿದ್ದರೇ ಚೆನ್ನಾಗಿತ್ತು.

*

ಮೂರು ವರ್ಷದ ಹಿಂದೆ, ಶಶಿಕಾಂತರ ಮನೆಯಲ್ಲಿ ದೀಪಾವಳಿಯ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ಅಲ್ಫರೆಟಾದ ಯಾರದೋ ಮಗ ಸೈನ್ಯ ಸೇರಿದ ಸುದ್ದಿ ಊಟದ ಸಾಲಿನಲ್ಲಿ ಕೈಯಿಂದ ಕೈಗೆ ಬಂತು.

“ಪಾಪ, ಎಲ್ಲೂ ಅಡ್ಮಿಷನ್ ಸಿಗದವ್ರು ತಾನೇ ಅಲ್ಲಿಗೆ ಹೋಗೋದು?” ಎಂದಳು ಹರಿಣಿ.

ಎಲ್ಲರೂ ನಕ್ಕರು. ಎಣ್ಣೆಗಾಯಿ ಬಡಿಸುತ್ತಿದ್ದ ವಿದ್ಯಾವತಿಯೂ ನಕ್ಕಳು. ಅಷ್ಟರಲ್ಲಿ ಯಾರೋ “ನಿಮ್ಮ ನಮ್ರತಾ ಎಲ್ಲಿದಾಳೆ ಈಗ?” ಎಂದು ಕೇಳಿದರು.

ಸೌಟು ನಿಂತಿತು. “ಕೊರಿಯಾದಾಗ ಅದಾಳ್ರಿ. ಸೋಲ್‌ನಾಗ. ಸಾಫ್ಟ್‌ವೇರ್ ಕಂಪನಿ.”

“ಯಾವ್ ಕಂಪನಿ?”

“ಅದರ ಹೆಸರು ನನ್ನ ಬಾಯಾಗ ಹೊಳ್ಳೂದಿಲ್ಲ ಬಿಡ್ರಿ,” ಎಂದಳು. ಎಲ್ಲರೂ ಮತ್ತೆ ನಕ್ಕರು.

ಆಡಿದ ಸುಳ್ಳನ್ನು ಸಾಕುವುದೂ ಒಂದು ಕೆಲಸ. ವರ್ಷಕ್ಕೊಮ್ಮೆ ನಮ್ರತಾಳಿಗೆ ಬಡ್ತಿ ಸಿಕ್ಕಿತು, ಹೊಸ ಮ್ಯಾನೇಜರ್ ಬಂದ, ನದಿ ಕಾಣುವ ಅಪಾರ್ಟ್‌ಮೆಂಟ್ ಆಯಿತು. ಬರಬರುತ್ತ ವಿದ್ಯಾವತಿ ಪಾಟ್‌ಲಕ್ಕಿಗೆ ಬರುವುದನ್ನೇ ಬಿಟ್ಟಳು. ಮಂಡಿನೋವು ಎನ್ನುತ್ತಿದ್ದಳು, ಹರಿಣಿ ಎಣ್ಣೆಯ ಬಾಟಲಿ ತಂದುಕೊಟ್ಟಿದ್ದಳು.

*

ಮಂಡಿನೋವಿನ ಆ ಹೆಂಗಸು ದಿನಕ್ಕೆ ಏಳು ಗಂಟೆ ನಿಂತೇ ಇರುತ್ತಿದ್ದಳೆಂದು ಮಿಸೆಸ್ ಚೋ ಹೇಳಿದಳು. ಉತ್ತರದವರು ಕ್ಷಿಪಣಿ ಹಾರಿಸಿದ ಸುದ್ದಿ ಬಂದ ದಿನ ಏಪ್ರನ್ ಕಟ್ಟುವ ಮೊದಲೇ ಫೋನು ಮುಂದೆ ಹಿಡಿಯುತ್ತಿದ್ದಳಂತೆ.

“ಟುಡೇ ವಾರ್?”

“ನೋ ವಾರ್. ವಾಶ್ ಟ್ರೇ.”

ಮಿಸೆಸ್ ಚೋಗೆ ಒಬ್ಬ ಚಿಕ್ಕಮ್ಮ, ದೇಶ ಒಡೆದಾಗ ಉತ್ತರದಲ್ಲೇ ಉಳಿದುಹೋದವಳು. ಎಪ್ಪತ್ತು ವರ್ಷದಿಂದ ಒಂದು ಕಾಗದವಿಲ್ಲ. ಅಂಥ ಮನೆಯಲ್ಲಿ ಬೆಳೆದವಳು ಇಂಥ ಸುದ್ದಿಗೆ ಬೆಚ್ಚುವುದನ್ನು ಎಂದೋ ಬಿಟ್ಟಿದ್ದಳು. ಆದರೂ ವಿದ್ಯಾವತಿಗಾಗಿ ಕೊರಿಯಾದ ಸುದ್ದಿಯನ್ನೆಲ್ಲ ಓದಿ, ಕೊನೆಗೆ ಅದೇ ಎರಡು ಮಾತು ಹೇಳುತ್ತಿದ್ದಳು. ಉತ್ತರದವರು ಬಲೂನಿಗೆ ಕಸ ಕಟ್ಟಿ ದಕ್ಷಿಣಕ್ಕೆ ಬಿಡುತ್ತಿದ್ದಾರೆಂದು ಓದಿದ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ.

ಮೊನ್ನೆ ಮಂಗಳವಾರ, ಎರಡು ದೇಶ ಕೂಡಿಸುತ್ತಿದ್ದ ರಸ್ತೆ ಹೊಗೆಯಾಗಿ ಏಳುವುದನ್ನು ವಿದ್ಯಾವತಿ ಫೋನಿನಲ್ಲಿ ಮತ್ತೆ ಮತ್ತೆ ನೋಡಿದಳು. ಮಧ್ಯಾಹ್ನ ಊಟ ಮಾಡಲಿಲ್ಲ. “ಟುಡೇ ವಾರ್?” ಎಂದಳು.

“ನನಗೂ ಸುಸ್ತಾಗಿತ್ತು. ಗೊತ್ತಿಲ್ಲ ಅಂದುಬಿಟ್ಟೆ,” ಎಂದಳು ಮಿಸೆಸ್ ಚೋ. “ಯಾವಾಗಲೂ ನೋ ವಾರ್ ಅಂತಿದ್ದೆ. ಅವತ್ತು ಒಂದು ದಿನ ಗೊತ್ತಿಲ್ಲ ಅಂದೆ.”

ಬುಧವಾರ ಬೆಳಿಗ್ಗೆ ವಿದ್ಯಾವತಿ ತನ್ನ ಕಾರಿನ ಪಕ್ಕ ಬಿದ್ದಿದ್ದಳು. ಹೃದಯಾಘಾತ. ಮೊದಲು ನೋಡಿದವಳು ಹರಿಣಿ.

*

ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಹರಿಣಿ ಫೋನು ತೆಗೆದಳು. ಬೆಳಗಿನ ಮೆಸೇಜನ್ನು ಅಳಿಸಲು ಹೋದರೆ ನಮ್ರತಾ ಆಗಲೇ ಕೇಳಿಯಾಗಿತ್ತು. ಕ್ಷಮಿಸು ಎಂದು ಬರೆದು ಅಳಿಸಿದಳು. ಕೊನೆಗೆ ಬರೆದದ್ದು ಇಷ್ಟು: ನಾಲ್ಕು ಗಂಟೆಗೆ ಮಣ್ಣು. ಒಂದು ನಿಮಿಷ ಸಿಕ್ಕರೂ ಸಾಕು, ವಿಡಿಯೊ ಕಾಲ್ ಮಾಡು ಪುಟ್ಟಾ.

ಕೂರಿಸಿ ಮಣ್ಣು ಮಾಡುವುದಕ್ಕೆ ಆ ಸ್ಮಶಾನದಲ್ಲಿ ಅವಕಾಶವಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಳಿಸಿದರು. ಬಂದವರು ಹದಿನಾಲ್ಕು ಜನ. ಶಶಿಕಾಂತರು ಪತ್ರೆ ಏರಿಸಿ ಸುತ್ತಲೂ ನೋಡಿದರು.

“ಮೊದಲನೇ ಮಣ್ಣು ಮಕ್ಕಳದು. ಇಲ್ಲದ ಮ್ಯಾಲೆ ಏನ ಮಾಡೂದು? ಹರಿಣಿ, ನೀವ ಹಾಕ್ರಿ.”

ಹರಿಣಿ ಜಾರ್ಜಿಯಾದ ಕೆಂಪು ಮಣ್ಣನ್ನು ಬಲಗೈಯಲ್ಲಿ ಹಿಡಿದಾಗ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ತೆರೆದಳು. ನಮ್ರತಾ ಬಯಲಿನ ದೀಪವೊಂದರ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅಲ್ಲಿನ್ನೂ ಬೆಳಕು ಹರಿದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಆಫೀಸಿಗೆ ಹೊರಟವರ ಹಾಗೆ.

ಶಶಿಕಾಂತರು ಬಗ್ಗಿದರು. “ಏನವಾ, ಕಂಪನಿಯವ್ರು ಬಿಡಲಿಲ್ಲೇನು?”

“ಇಲ್ಲ ಅಂಕಲ್. ಸಾಫ್ಟ್‌ವೇರ್ ರಿಲೀಸ್ ಇದೆ. ಬಿಗ್ ರಿಲೀಸ್. ಸಾರಿ.”

ಅಮ್ಮ ಹೇಳಿದ ಸುಳ್ಳನ್ನು ಅಮ್ಮ ಹೋದ ಮೇಲೂ ಮಗಳು ಕಾಯುತ್ತಿದ್ದಳು, ಅದೂ ಹರಿಣಿಯಂಥವರ ಮುಂದೆ.

“ಮಣ್ಣು ಹಾಕ್ತೀಯಾ ಪುಟ್ಟಾ? ಅಲ್ಲಿಂದ್ಲೇ?”

“ಹಾಕಬಹುದಾ ಆಂಟಿ? ಈಸ್ ಇಟ್ ಓಕೆ?”

“ನಿಮ್ಮಮ್ಮನಿಗೆ ನಿನ್ನದೇ ಮೊದಲು.”

ನಮ್ರತಾ ಫೋನನ್ನು ಯಾವುದಕ್ಕೋ ಆನಿಸಿ ಹಿಂದೆ ಸರಿದಳು. ಆಗ ಇಡೀ ಹುಡುಗಿ ಕಂಡಳು. ಮೇಲೆ ಬಿಳಿ ಶರ್ಟು. ಕೆಳಗೆ ಮಚ್ಚೆ ಮಚ್ಚೆಯ ಪ್ಯಾಂಟು, ಕಣಕಾಲಿನವರೆಗೆ ಲೇಸು ಬಿಗಿದ ಬೂಟು. ಅವಳು ಮಣ್ಣಿಗೆ ಬಗ್ಗಿದಳು.

ಹರಿಣಿಯ ಹೆಬ್ಬೆರಳು ತಾನಾಗಿ ಸರಿದು ಪರದೆಯ ಕೆಳ ಅರ್ಧವನ್ನು ಮುಚ್ಚಿತು.

“ಏನೂ ಕಾಣವಲ್ದು, ಬೆರಳು ತಗೀರಿ,” ಎಂದರು ಶಶಿಕಾಂತ್, ಕನ್ನಡಕ ಏರಿಸಿಕೊಳ್ಳುತ್ತ.

ಹರಿಣಿ ತೆಗೆಯಲಿಲ್ಲ. ಹೆಬ್ಬೆರಳಿನ ಮೇಲಂಚಿನಿಂದ ಬಿಳಿ ತೋಳೊಂದು ಎದ್ದು ಬಂತು. ಮುಷ್ಟಿ ಬಿಚ್ಚಿಕೊಂಡಿತು, ಮಣ್ಣು ಉದುರಿ ಹೆಬ್ಬೆರಳಿನ ಹಿಂದೆ ಮರೆಯಾಯಿತು, ಇತ್ತ ಹರಿಣಿಯ ಬಲಗೈಯ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು.